ನಮ್ಮ ಕೇರಿಗೆ ಬಂದವರೆಲ್ಲ ಸಹಾಯಕರು

ಶೃಂಗೇರಿಗೆ ಬಂದ ಯಾತ್ರಿಕರು ತುಂಗೆಯ ದಂಡೆಯ ಕಪ್ಪೆಶಂಕರನನ್ನು ನೋಡಿಯೇ ಹೋಗ್ತಾರೆ. ಹೆರಿಗೆ ನೋವು ತಿನ್ನುತ್ತಿದ್ದ ಕಪ್ಪೆಗೆ ಬಿಸಿಲು ತಾಗದ ಹಾಗೆ ಹಾವು ಹೆಡೆಯೆತ್ತಿ ನೆರಳು ಕೊಟ್ಟಿತಂತೆ. ಅದನ್ನು ಕಂಡು ಶಂಕರಾಚಾರ್ಯರು ಇಲ್ಲೇ ಪೀಠ ಮಾಡಿದರಂತೆ. ಶಾಲೆಯಲ್ಲಿ ಮೇಷ್ಟ್ರು ಈ ಕತೆ ಹೇಳಿದ ದಿನ ಮನೆಗೆ ಓಡಿಬಂದು ಅಜ್ಜಿಗೆ ಹೇಳಿದೆ. ಅಜ್ಜಿ ಎಲೆಅಡಿಕೆ ಕುಟ್ಟುತ್ತಾ ಕೂತಿದ್ದಳು. "ಕಪ್ಪೆಗೆ ಹಾವಾದ್ರೂ ಬಂತಲ್ಲ ಮಗಾ. ನಿಮ್ಮಪ್ಪನ್ನ ಹೆರುವಾಗ ನಂಗೆ ಯಾರು ಬಂದಿದ್ರು?" ಅಂದಳು.

ಬಂದಿದ್ದು ತೋಟದ ಪಕ್ಕದ ಲೈನಿನ ಒಬ್ಬಳು ಮುದುಕಿ. ಡಾಕ್ಟ್ರು ಬರಲಿಲ್ಲ, ನರ್ಸಮ್ಮ ಬರಲಿಲ್ಲ.

ಅಜ್ಜಿಯ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಓದಿದವನು ನಾನು. ಓದಿದ ಮೇಲೆ ತಿಳಿದದ್ದು ಇಷ್ಟು: ಈ ದೇಶದಲ್ಲಿ ಇನ್ನೂರು ವರ್ಷದಿಂದ ಬಡವರ ಬಾಗಿಲಿಗೆ ಔಷಧಿ ಹಿಡಿದು ಬಂದವರು ಬಹುಪಾಲು 'ಸಹಾಯಕ'ರೇ. ಅವರ ಹೆಸರನ್ನು ಕಾಲಕಾಲಕ್ಕೆ ಬದಲಾಯಿಸಿದರು. ಅವರ ಸಂಬಳ, ಅಧಿಕಾರ, ಮರ್ಯಾದೆಯನ್ನು ಮಾತ್ರ ಇದ್ದಲ್ಲೇ ಇಟ್ಟರು. ಇವತ್ತು ಹಳ್ಳಿಗಳಲ್ಲಿ ಡಾಕ್ಟರಲ್ಲದ, ಆದರೆ ಡಾಕ್ಟರ ಕೆಲಸದಲ್ಲಿ ಅರ್ಧ ಹೊತ್ತ ಹೊಸ ಪಡೆ ಬೆಳೀತಾ ಇದೆ. ಇದು ಒಳ್ಳೆಯದೋ ಕೆಟ್ಟದ್ದೋ ಅಂತ ಪೇಟೆಯವರು ಚರ್ಚೆ ಮಾಡ್ತಾರೆ. ಚರ್ಚೆಗೆ ಮೊದಲು ಚರಿತ್ರೆ ನೋಡೋಣ.

*

ಮೊದಲ ಸಹಾಯಕಿ ಸೂಲಗಿತ್ತಿ. ಆಕೆಯ ಕೆಲಸಕ್ಕೆ ಜಾತಿಯ ಮುದ್ರೆ ಬಿದ್ದಿತ್ತು. ಹೆರಿಗೆಯ ನೆತ್ತರು ಮೈಲಿಗೆ, ಮಾಸು ಮೈಲಿಗೆ, ಹೊಕ್ಕುಳಬಳ್ಳಿ ಕತ್ತರಿಸುವ ಕೈ ಮೈಲಿಗೆ. ಆದ್ದರಿಂದಲೇ ದೇಶದ ಎಷ್ಟೋ ಕಡೆ ಈ ಕೆಲಸ ಕೆಳಜಾತಿಯ ಹೆಂಗಸರಿಗೆ ಬಂತು. ಮಗು ಹೊರಗೆ ಬರುವ ತನಕ ಆಕೆ ಬೇಕು. ಬಂದ ಮೇಲೆ ಹಿತ್ತಲ ಬಾಗಿಲು. ಅದು ವಿದ್ಯೆ ಅಂತ ಯಾರೂ ಕರೆಯಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಕೈಗೆ ಕಾಸು ಕೇಳಲಿಲ್ಲ. 2018ರಲ್ಲಿ ಪದ್ಮಶ್ರೀ ಕೊಟ್ಟರು. ಅದೇ ವರ್ಷ ಡಿಸೆಂಬರಿನಲ್ಲಿ ಆ ತಾಯಿ ತೀರಿಕೊಂಡರು. ಒಬ್ಬ ನರಸಮ್ಮನ ಹೆಸರು ನಮಗೆ ಗೊತ್ತಾಯಿತು. ಗೊತ್ತಾಗದೆ ಹೋದವರು ಊರಿಗೊಬ್ಬರು.

ಇನ್ನೊಂದು ಸಂಗತಿ ಕೇಳಿ. ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ 1836ರಲ್ಲಿ ಪಂಡಿತ ಮಧುಸೂದನ ಗುಪ್ತ ಎಂಬುವರು ಹೆಣ ಕೊಯ್ದರು. ಮೇಲ್ಜಾತಿಯ ಕೈ ಹೆಣ ಮುಟ್ಟಿತಲ್ಲ ಅಂತ ಅದು ದೊಡ್ಡ ಕ್ರಾಂತಿಯಾಗಿ ವೈದ್ಯಕೀಯ ಚರಿತ್ರೆಯಲ್ಲಿ ಸೇರಿತು. ತೋಪು ಹಾರಿಸಿದರು ಅಂತಲೂ ಹೇಳ್ತಾರೆ. ಸತ್ತ ದನ ಸುಲಿದವರು, ಮಸಣ ಕಾಯ್ದವರು, ಇವತ್ತಿಗೂ ಶವಾಗಾರದಲ್ಲಿ ಡಾಕ್ಟರಿಗಿಂತ ಮುಂಚೆ ಹೆಣಕ್ಕೆ ಕೈ ಹಾಕುವವರು ನಮ್ಮವರು. ಅವರಿಗೆ ಯಾವ ತೋಪೂ ಹಾರಲಿಲ್ಲ. ಮುಟ್ಟಿದ್ದು ಒಂದೇ ಹೆಣ. ಒಬ್ಬರು ಮುಟ್ಟಿದರೆ ವಿಜ್ಞಾನ, ಇನ್ನೊಬ್ಬರು ಮುಟ್ಟಿದರೆ ಕುಲಕಸುಬು.

*

ಬ್ರಿಟಿಷರಿಗೆ ತಮ್ಮ ಪಲ್ಟನ್ನುಗಳಿಗೆ ಅಗ್ಗದ ವೈದ್ಯರು ಬೇಕಿದ್ದರು. ಬಿಳಿ ಡಾಕ್ಟರ ಸಂಬಳ ದುಬಾರಿ. ಹಾಗಾಗಿ 1822ರಲ್ಲಿ ಕಲ್ಕತ್ತೆಯಲ್ಲಿ ದೇಶೀ ವೈದ್ಯರ ಶಾಲೆಯೊಂದನ್ನು ತೆರೆದರು. ದೇಶಭಾಷೆಯಲ್ಲಿ ಪಾಠ. 1835ರಲ್ಲಿ ಅದನ್ನು ಮುಚ್ಚಿ ಇಂಗ್ಲಿಷಿನ ಮೆಡಿಕಲ್ ಕಾಲೇಜು ಮಾಡಿದರು. ಆದರೆ ಕೆಳಗಿನ ಕೆಲಸಕ್ಕೆ ಜನ ಬೇಕೇ ಬೇಕಲ್ಲ! 'ಹಾಸ್ಪಿಟಲ್ ಅಸಿಸ್ಟೆಂಟ್' ಅನ್ನುವ ದರ್ಜೆ ಬಂತು. ಮುಂದೆ ಅವರನ್ನೇ 'ಸಬ್ ಅಸಿಸ್ಟೆಂಟ್ ಸರ್ಜನ್' ಅಂದರು. ಸರ್ಜನ್ ಅಲ್ಲ, ಅಸಿಸ್ಟೆಂಟೂ ಅಲ್ಲ, ಅದಕ್ಕೂ ಒಂದು ಮೆಟ್ಟಿಲು ಕೆಳಗೆ. ಜಾತಿ ಪದ್ಧತಿಯಲ್ಲಿ ಹುಟ್ಟಿ ಬೆಳೆದವರಿಗೆ ಈ ಲೆಕ್ಕ ಬೇಗ ಅರ್ಥವಾಗ್ತದೆ.

ನಮ್ಮ ಮೈಸೂರು ಸಂಸ್ಥಾನ 1917ರಲ್ಲಿ ಬೆಂಗಳೂರಲ್ಲಿ ವೈದ್ಯಕೀಯ ಶಾಲೆ ಶುರು ಮಾಡಿತು. ಅಲ್ಲಿ ಕೊಡ್ತಿದ್ದದ್ದು ಎಲ್‌ಎಂಪಿ ಸರ್ಟಿಫಿಕೇಟು. ಹಳಬರು ಈಗಲೂ 'ಎಲ್ಲೆಂಪಿ ಡಾಕ್ಟ್ರು' ಅಂತ ನೆನೆಸ್ತಾರಲ್ಲ, ಅವರೇ. 1924ರಲ್ಲಿ ಅದು ಮೆಡಿಕಲ್ ಕಾಲೇಜಾಯಿತು, 1930ರಲ್ಲಿ ಮೈಸೂರಿಗೆ ಹೋಯಿತು. ಇದೇ ಕಾಲದಲ್ಲಿ, 1918ರಲ್ಲಿ, ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೂ ಪಾಲು ಬೇಕು ಅಂತ ಮಿಲ್ಲರ್ ಸಮಿತಿ ಕೂತಿತ್ತು ಅನ್ನುವುದನ್ನು ಮರೆಯಬಾರದು. ಕುರ್ಚಿ ಯಾರದು ಅನ್ನುವ ಜಗಳ ಕಚೇರಿಯಲ್ಲಿ ನಡೀತಾ ಇತ್ತು. ಆಸ್ಪತ್ರೆಯ ಕುರ್ಚಿಯ ಬಗ್ಗೆ ಕೇಳುವಷ್ಟು ಓದಿದವರು ನಮ್ಮಲ್ಲಿ ಆಗ ಎಷ್ಟು ಜನ ಇದ್ದರು?

ಆಗಿನ ಮಲೆನಾಡು ಇವತ್ತಿನ ಪ್ರವಾಸಿಗರ ಮಲೆನಾಡಲ್ಲ. ಚಳಿಜ್ವರದ ನಾಡು. ಮಲೇರಿಯಾಕ್ಕೆ ಹೆದರಿ ಬಯಲುಸೀಮೆಯವರು ಇತ್ತ ಹೆಣ್ಣು ಕೊಡೋಕೆ ಹಿಂದೆಮುಂದೆ ನೋಡ್ತಿದ್ದರು ಅಂತ ಹಿರಿಯರು ಹೇಳ್ತಾರೆ. 1920ರ ದಶಕದ ಕೊನೆಗೆ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವು ತಗೊಂಡು ಮಲೇರಿಯಾ ಅಧ್ಯಯನಕ್ಕೆ ಕೈಹಾಕಿತು. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲೂ ಕೇಂದ್ರ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ. ಬೆನ್ನಿಗೆ ಡಿಡಿಟಿ ಡಬ್ಬ ಕಟ್ಟಿಕೊಂಡು ಬಂದವನು, ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಿಕೊಂಡು ಹೋದವನು ಯಾರು? ಡಾಕ್ಟರಲ್ಲ. ಅಜ್ಜಿ ಅವನನ್ನು 'ರಕ್ತದ ಅಣ್ಣ' ಅಂತಿದ್ದಳು. ನಮ್ಮ ಲೈನಿನೊಳಗೆ ಕಾಲಿಟ್ಟ ಮೊದಲ ಸರ್ಕಾರಿ ಮನುಷ್ಯ ಅವನು. ಪೊಲೀಸನ್ನು ಬಿಟ್ಟರೆ.

*

ಈಗ ಚರಿತ್ರೆಯ ಒಂದು ಕವಲುದಾರಿಗೆ ಬರೋಣ. ಇದನ್ನು ಗೆಳೆಯರು ಗಮನವಿಟ್ಟು ಓದಬೇಕು.

ಸ್ವಾತಂತ್ರ್ಯಕ್ಕೆ ಮೊದಲೇ ಕಾಂಗ್ರೆಸ್ಸಿನ ರಾಷ್ಟ್ರೀಯ ಯೋಜನಾ ಸಮಿತಿಯ ಕೆಳಗೆ ಕರ್ನಲ್ ಸೋಖಿಯವರ ಆರೋಗ್ಯ ಉಪಸಮಿತಿ ಇತ್ತು. 1940ರ ಹೊತ್ತಿಗೆ ಅದು ಹೇಳಿದ್ದು ಇಷ್ಟು: ಸಾವಿರ ಜನಕ್ಕೆ ಒಬ್ಬ ಆರೋಗ್ಯ ಕಾರ್ಯಕರ್ತ ಇರಲಿ, ಅವನಿಗೆ ಒಂಬತ್ತು ತಿಂಗಳು ತರಬೇತಿ ಕೊಡಿ. 1946ರಲ್ಲಿ ಸರ್ ಜೋಸೆಫ್ ಭೋರ್ ಸಮಿತಿಯ ವರದಿ ಬಂತು. ಆ ವರದಿ ದೊಡ್ಡ ಮನಸ್ಸಿನದು, ಸುಳ್ಳು ಹೇಳಬಾರದು. ದುಡ್ಡಿಲ್ಲ ಅನ್ನುವ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಅಂತ ಹೇಳಿತು. ಆಗ ದೇಶದಲ್ಲಿ ಸುಮಾರು 6,300 ಜನಕ್ಕೆ ಒಬ್ಬ ಡಾಕ್ಟರು, 43,000 ಜನಕ್ಕೆ ಒಬ್ಬ ನರ್ಸು. ನೋಂದಾಯಿತ ವೈದ್ಯರು 47,524. ಅದರಲ್ಲಿ ಪದವೀಧರರು 17,654, ಉಳಿದ 29,870 ಮಂದಿ ಎಲ್‌ಎಂಪಿಯಂಥ ಲೈಸೆನ್ಷಿಯೇಟರು. ಅಂದರೆ ನೂರಕ್ಕೆ ಅರವತ್ತಕ್ಕೂ ಹೆಚ್ಚು 'ಅರ್ಧ ಡಾಕ್ಟರು'ಗಳೇ ದೇಶವನ್ನು ಹೊತ್ತಿದ್ದರು.

ಭೋರ್ ಸಮಿತಿ ಆ ಅರ್ಧ ಡಾಕ್ಟರಿಕೆ ಬೇಡ ಅಂದಿತು. ಇನ್ನು ಮುಂದೆ ಒಂದೇ ಬಗೆಯ, ಪೂರ್ತಿ ಓದಿದ ಡಾಕ್ಟರು. ಸಮಿತಿಯ ಕೆಲವು ಸದಸ್ಯರೇ ಇದಕ್ಕೆ ಒಪ್ಪದೆ ಭಿನ್ನಮತ ಬರೆದರು. ಇಷ್ಟು ಕಡಿಮೆ ಜನ ಇರುವಾಗ ಇರುವ ದಾರಿಯನ್ನೂ ಮುಚ್ಚಬೇಡಿ ಅಂದರು. ನಡೆಯಲಿಲ್ಲ. ಸ್ವಾತಂತ್ರ್ಯದ ನಂತರ ಎಲ್‌ಎಂಪಿ ಶಾಲೆಗಳು ಮುಚ್ಚಿದವು, ಇಲ್ಲವೇ ಕಾಲೇಜುಗಳಾದವು.

ಹಳ್ಳಿಯವನಿಗೂ ಪೂರ್ತಿ ಡಾಕ್ಟರೇ ಸಿಗಲಿ ಅನ್ನುವುದು ಸಮಾನತೆಯ ಮಾತು. ಅದಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಆದದ್ದೇನು? ಪೂರ್ತಿ ಡಾಕ್ಟರು ತಯಾರಾದ, ಹಳ್ಳಿಗೆ ಬರಲಿಲ್ಲ. ಪೇಟೆಯಲ್ಲಿ ನರ್ಸಿಂಗ್ ಹೋಮ್ ಮಾಡಿದ, ಹಡಗು ಹತ್ತಿದ, ವಿಮಾನ ಹತ್ತಿದ. ಸರ್ಕಾರದ ದುಡ್ಡಲ್ಲಿ ಓದಿದವನು ಹಳ್ಳಿಗೆ ಒಂದು ವರ್ಷವಾದರೂ ಬರಲಿ ಅಂತ ಕರ್ನಾಟಕ 2012ರಲ್ಲಿ ಕಡ್ಡಾಯ ಗ್ರಾಮೀಣ ಸೇವೆಯ ಕಾಯ್ದೆ ಮಾಡಿತು. ಅದೂ ಕೋರ್ಟಿನ ಮೆಟ್ಟಿಲು ಹತ್ತಿತು. ಇತ್ತ ಐದಾರು ವರ್ಷ ಓದಿಸುವ ತಾಕತ್ತಿಲ್ಲದ ಮನೆಯ ಹುಡುಗನಿಗೆ ನಾಲ್ಕು ವರ್ಷದಲ್ಲಿ ಡಾಕ್ಟರಾಗುವ ಒಂದು ಸಣ್ಣ ಏಣಿ ಇತ್ತಲ್ಲ, ಅದನ್ನು ಎತ್ತಿಬಿಟ್ಟರು. ಮೀಸಲಾತಿಯಿಂದ ನಮ್ಮ ಮಕ್ಕಳು ಶಾಲೆಗೆ ಬಂದು, ಪಿಯುಸಿ ದಾಟಿ, ಆ ಏಣಿಯ ಬುಡಕ್ಕೆ ಬರುವ ಹೊತ್ತಿಗೆ ಏಣಿ ಇರಲಿಲ್ಲ.

*

ಡಾಕ್ಟರು ಬರಲಿಲ್ಲ, ಕಾಯಿಲೆ ಬಂತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಮನುಷ್ಯರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಕಂಡುಹಿಡಿದರು. ಲೋಕದ ಪುಸ್ತಕಗಳಲ್ಲಿ ಕ್ಯಾಸನೂರಿನ ಹೆಸರು ಸೇರಿತು. ನಮಗದು ಮಂಗನ ಕಾಯಿಲೆ. ಉಣುಗು ಕಚ್ಚುವುದು ಯಾರಿಗೆ? ದರಗೆಲೆ ಗುಡಿಸಲು, ಸೊಪ್ಪು ಕಡಿಯಲು, ಸೌದೆ ತರಲು ಕಾಡಿಗೆ ಹೋಗುವವರಿಗೆ. 2024ರಲ್ಲಿ ಶೃಂಗೇರಿ ತಾಲೂಕಿನ 79 ವರ್ಷದ ಹಿರಿಯರೊಬ್ಬರು ಈ ಕಾಯಿಲೆಯಿಂದ ತೀರಿಕೊಂಡರು. ಅವರು ಪ್ರಾಣ ಬಿಟ್ಟದ್ದು ಘಾಟಿಯ ಕೆಳಗೆ ಮಣಿಪಾಲದಲ್ಲಿ. ಹಳೆಯ ಲಸಿಕೆ ಪ್ರಯೋಜನವಿಲ್ಲ ಅಂತ 2022ರಲ್ಲೇ ನಿಲ್ಲಿಸಿದ್ದರು. ಉಳಿದದ್ದು ಮೈಗೆ ಹಚ್ಚುವ ಎಣ್ಣೆ. ಆ ಎಣ್ಣೆಯ ಬಾಟ್ಲಿಯನ್ನು ಮನೆಮನೆಗೆ ಹೊತ್ತು ತಂದವಳು ಆಶಾ.

ಸಾಗರ ತಾಲೂಕಿನ ಹಂದಿಗೋಡಿನ ಕತೆ ಇನ್ನೂ ಘೋರ. 1975ರ ಸುಮಾರಿಗೆ ಹೊರಗೆ ಗೊತ್ತಾದದ್ದು. ಸೊಂಟ, ಮಂಡಿಯ ಕೀಲು ಸವೆದು, ಮೈ ಗಿಡ್ಡವಾಗಿ, ನಡೆಯಲಾರದೆ ತೆವಳುವ ಜನ. ಬಹುಪಾಲು ಚನ್ನಂಗಿ, ಚಲವಾದಿ ಕುಟುಂಬಗಳ ಕೂಲಿಕಾರರು. ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಹಳ್ಳಿಗಳಲ್ಲಿ ಈ ರೋಗ ಕಂಡಿತು. ಗದ್ದೆಯ ಏಡಿ ತಿಂದದ್ದಕ್ಕೆ, ಕೀಟನಾಶಕದಿಂದ ಅಂತ ಒಮ್ಮೆ ಹೇಳಿದರು. ಆಮೇಲೆ ವಂಶವಾಹಿಯಲ್ಲೇ ಇದೆ ಅಂದರು. ಹೈದರಾಬಾದಿನ ಪೌಷ್ಟಿಕತಾ ಸಂಸ್ಥೆಯಿಂದಲೂ ಬೇರೆ ಕಡೆಯಿಂದಲೂ ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ರಕ್ತ ತಗೊಂಡರು, ಎಕ್ಸ್‌ರೇ ತೆಗೆದರು. ಕಾಯಿಲೆಗೆ ಒಳ್ಳೊಳ್ಳೆ ಹೆಸರಿಟ್ಟರು. ಅವರು ಜೀಪು ಹತ್ತಿ ಹೋದ ಮೇಲೆ ನೋವಿನ ಮಾತ್ರೆ ಕೊಡೋಕೆ ಆ ಕೇರಿಗೆ ಹೋಗಬೇಕಾದವರು ಕೆಳಗಿನ ಆರೋಗ್ಯ ಸಹಾಯಕರೇ.

*

ಆ ದಶಕಗಳಲ್ಲಿ ಲೋಕವೆಲ್ಲ ಇದೇ ಪ್ರಶ್ನೆಗೆ ಉತ್ತರ ಹುಡುಕ್ತಾ ಇತ್ತು. 1965ರಲ್ಲಿ ಎರಡು ಕಡೆ ಎರಡು ಬೀಜ ಬಿದ್ದವು. ಚೀನಾದಲ್ಲಿ ಮಾವೋ, ಆರೋಗ್ಯದ ಕೆಲಸವನ್ನು ಹಳ್ಳಿಗೆ ತಿರುಗಿಸಿ ಅಂತ ಅಪ್ಪಣೆ ಮಾಡಿದ. ರೈತರ ನಡುವಿಂದಲೇ ಆರಿಸಿದ ಹುಡುಗ ಹುಡುಗಿಯರಿಗೆ ಕೆಲವು ತಿಂಗಳ ತರಬೇತಿ ಕೊಟ್ಟರು. ಅವರೇ 'ಬರಿಗಾಲ ವೈದ್ಯರು'. ಕಮ್ಯೂನುಗಳು ಒಡೆದ ಮೇಲೆ ಅವರ ಆಧಾರವೂ ಹೋಯಿತು. 1985ರಲ್ಲಿ ಆ ಹೆಸರನ್ನೂ ಕೈಬಿಟ್ಟರು. ಇತ್ತ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್, ನೌಕಾಪಡೆಯಲ್ಲಿ ಗಾಯಾಳುಗಳ ಸೇವೆ ಮಾಡಿ ಬಂದ ನಾಲ್ವರನ್ನು ಕೂರಿಸಿಕೊಂಡು 'ಫಿಸಿಷಿಯನ್ ಅಸಿಸ್ಟೆಂಟ್' ಅನ್ನುವ ಹೊಸ ಕೋರ್ಸು ಶುರು ಮಾಡಿದರು. ಡಾಕ್ಟರ ಕೈಕೆಳಗೆ ರೋಗಿಯನ್ನು ನೋಡುವ, ಔಷಧಿ ಕೊಡುವ ತರಬೇತಾದ ಜನ. ಅಲ್ಲಿ ಅದು ಬೇರುಬಿಟ್ಟಿತು.

ನಮ್ಮಲ್ಲಿ 1973ರ ಕರ್ತಾರ್ ಸಿಂಗ್ ಸಮಿತಿ, ಮಲೇರಿಯಾದವನು ಬೇರೆ, ಸಿಡುಬಿನವನು ಬೇರೆ, ಕುಟುಂಬ ಯೋಜನೆಯವಳು ಬೇರೆ ಅಂತ ಇದ್ದದ್ದನ್ನು ಸೇರಿಸಿ 'ಬಹೂದ್ದೇಶ ಕಾರ್ಯಕರ್ತ'ರನ್ನು ಮಾಡಿ ಅಂದಿತು. ನಮ್ಮ 'ರಕ್ತದ ಅಣ್ಣ'ನಂಥವರೆಲ್ಲ ಹೀಗೆ ಆರೋಗ್ಯ ಕಾರ್ಯಕರ್ತರಾದರು. 1975ರ ಶ್ರೀವಾಸ್ತವ ಸಮಿತಿ, ಊರಿನವರಲ್ಲೇ ಕಾರ್ಯಕರ್ತರನ್ನು ಆರಿಸಿ ಅಂದಿತು. 1977ರ ಅಕ್ಟೋಬರ್ 2ರಂದು ಜನತಾ ಸರ್ಕಾರ ಸಮುದಾಯ ಆರೋಗ್ಯ ಕಾರ್ಯಕರ್ತರ ಯೋಜನೆ ತಂದಿತು. ಸಾವಿರ ಜನಕ್ಕೊಬ್ಬರು, ಮೂರು ತಿಂಗಳು ತರಬೇತಿ, ತಿಂಗಳಿಗೆ 50 ರೂಪಾಯಿ ಗೌರವಧನ. ಕೇರಳ, ತಮಿಳುನಾಡುಗಳ ಹಾಗೆ ಕರ್ನಾಟಕವೂ ಈ ಯೋಜನೆಗೆ ಸೇರಲಿಲ್ಲ, ನಮ್ಮದೇ ಬೇರೆ ಏರ್ಪಾಡು ಇದೆ ಅಂದಿತು. 'ಗೌರವಧನ' ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ. ಸಂಬಳ ಕೊಡಬಾರದು ಅಂದಾಗ ಬಳಸುವ ಮಾತು ಅದು.

ಅಮೆರಿಕದ ಫಿಸಿಷಿಯನ್ ಅಸಿಸ್ಟೆಂಟ್ ಭಾರತಕ್ಕೆ ಬಂದದ್ದು 1992ರಲ್ಲಿ, ಚೆನ್ನೈಯ ಮದ್ರಾಸ್ ಮೆಡಿಕಲ್ ಮಿಷನ್ನಿನಲ್ಲಿ, ಹೃದಯ ತಜ್ಞ ಡಾ. ಕೆ.ಎಂ. ಚೆರಿಯನ್ ಅವರ ಮುಖಾಂತರ. ಎಲ್ಲಿಗೆ ಬಂತು ನೋಡಿ! ಹೃದಯದ ಆಪರೇಷನ್ ಥಿಯೇಟರಿಗೆ. ಅಲ್ಲಿಂದ ಮಹಾನಗರಗಳ ದೊಡ್ಡ ಖಾಸಗಿ ಆಸ್ಪತ್ರೆಗಳಿಗೆ ಹರಡಿತು. 2021ರ ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆಯಲ್ಲಿ ಅವರಿಗೆ ಹೆಸರೂ ಸಿಕ್ಕಿತು. ಹಳ್ಳಿಗೆ ಬೇಕಿದ್ದ ಕೋರ್ಸು ಪೇಟೆಯಲ್ಲೇ ಉಳಿಯಿತು. ಹಳ್ಳಿಯಲ್ಲಿ ಅದೇ ಕೆಲಸ ಮಾಡುವವಳಿಗೆ ಬೇರೆ ಹೆಸರು, ಬೇರೆ ಬೆಲೆ.

*

ಆ ಹೆಸರು 'ಸಮುದಾಯ ಆರೋಗ್ಯಾಧಿಕಾರಿ', ಸಿಎಚ್‌ಒ. 2018ರ ಏಪ್ರಿಲ್ 14, ಬಾಬಾಸಾಹೇಬರ ಹುಟ್ಟಿದ ದಿನ, ಛತ್ತೀಸಗಢದ ಜಾಂಗ್ಲಾ ಎಂಬ ಹಳ್ಳಿಯಲ್ಲಿ ಮೊದಲ 'ಆರೋಗ್ಯ ಮತ್ತು ಕ್ಷೇಮ ಕೇಂದ್ರ'ವನ್ನು ಪ್ರಧಾನಿ ಉದ್ಘಾಟಿಸಿದರು. ಗುಡ್ಡಗಾಡಿನಲ್ಲಿ 3,000, ಬಯಲಲ್ಲಿ 5,000 ಜನಕ್ಕೊಂದು ಇರಬೇಕಾದ ಹಳೆಯ ಉಪಕೇಂದ್ರಕ್ಕೆ ಹೊಸ ಬಣ್ಣ. ಅದರಲ್ಲಿ ನರ್ಸಿಂಗ್ ಓದಿ ಆರು ತಿಂಗಳ ತರಬೇತಿ ಪಡೆದ ಸಿಎಚ್‌ಒ. ಬಿಪಿ ನೋಡೋದು, ಸಕ್ಕರೆ ನೋಡೋದು, ಬಾಯಿ ಕ್ಯಾನ್ಸರಿಗೆ ಪರೀಕ್ಷೆ, ಡಾಕ್ಟರು ಬರೆದ ಮಾತ್ರೆಯನ್ನು ತಿಂಗಳು ತಿಂಗಳು ಕೊಡೋದು, ಫೋನಿನ ಪರದೆಯಲ್ಲಿ ದೂರದ ಡಾಕ್ಟರನ್ನು ತೋರಿಸೋದು. ಕೆರೆಕಟ್ಟೆಯ ಕಡೆಯಾಗಲಿ ಕಿಗ್ಗದ ಗುಡ್ಡವಾಗಲಿ, ಮಳೆಗಾಲದಲ್ಲಿ ಕರೆಂಟೇ ನಿಲ್ಲದ ಊರುಗಳಲ್ಲಿ ಆ ಪರದೆ ಎಷ್ಟು ಹೊತ್ತು ಬೆಳಗುತ್ತದೆ ಅಂತ ಮಲೆನಾಡಿನ ಮೇಷ್ಟ್ರುಗಳಿಗೆ ನಾನು ಹೇಳಬೇಕಿಲ್ಲ.

2023ರಲ್ಲಿ ಕೇಂದ್ರ ಸರ್ಕಾರ ಈ ಕೇಂದ್ರಗಳ ಹೆಸರನ್ನು 'ಆಯುಷ್ಮಾನ್ ಆರೋಗ್ಯ ಮಂದಿರ' ಅಂತ ಬದಲಾಯಿಸಿತು. ಮಂದಿರ! ಮಂದಿರದ ಹೊಸ್ತಿಲಾಚೆ ತಲೆತಲಾಂತರ ನಿಂತವರಿಗೆ ಆಸ್ಪತ್ರೆಗೂ ಆ ಹೆಸರು ಯಾಕೆ ಬೇಕಿತ್ತು? ನಮಗೆ ಬೇಕಿದ್ದದ್ದು ಒಳಗಡೆ ಒಬ್ಬ ಡಾಕ್ಟರು.

ನಮ್ಮ ಹತ್ತಿರದ ಉಪಕೇಂದ್ರಕ್ಕೆ ಬಂದ ಸಿಎಚ್‌ಒ ರಾಯಚೂರು ಕಡೆಯ ಹುಡುಗಿ. ಅವರ ಮನೆಯಲ್ಲೂ ಅವಳೇ ಮೊದಲು ಓದಿದವಳು. ನಾನು ಅಕ್ಕ ಅಂತೀನಿ, ಅಜ್ಜಿ 'ಡಾಕ್ಟ್ರಮ್ಮ' ಅಂತಾಳೆ. ಅವಳು ಅಜ್ಜಿಯ ಮೈ ಮುಟ್ಟಿ ನೋಡ್ತಾಳೆ. ಮೇಜಿನಾಚೆ ಕೂತು, ಮುಟ್ಟದೆ, ಚೀಟಿ ಬರೆದು ಎಸೆದ ಡಾಕ್ಟರನ್ನು ಕಂಡಿದ್ದ ಅಜ್ಜಿಗೆ ಇದೇ ದೊಡ್ಡ ಔಷಧಿ.

2023ರ ಫೆಬ್ರವರಿಯಲ್ಲಿ ಗುತ್ತಿಗೆ ಆರೋಗ್ಯ ನೌಕರರು ಕೆಲಸ ಖಾಯಂ ಮಾಡಿ ಅಂತ ಮುಷ್ಕರ ಹೂಡಿದಾಗ ಉಪಕೇಂದ್ರದ ಬಾಗಿಲು ಮುಚ್ಚಿತ್ತು. "ಸರ್ಕಾರಿ ಸಂಬಳ ತಗೊಂಡು ಇವರಿಗೇನು ಕೊರಗು?" ಅಂತ ಊರಲ್ಲಿ ಬೈದರು. ನಾನೂ ಬೈದೆ. ವಾಪಸು ಬಂದಾಗ ಕೇಳಿದೆ. "ಸರ್ಕಾರಿ ನೌಕರಿ ಯಾರ್ದೋ ತಮ್ಮಾ? ನಂದು ವರ್ಷದ ಕರಾರು. ಹೆಸರಷ್ಟೇ ಅಧಿಕಾರಿ" ಅಂದಳು. ಆ ದಿನ ನನಗೆ ನಾಚಿಕೆಯಾಯಿತು.

2024ರ ಆಷಾಢದ ಮಳೆಯಲ್ಲಿ ಒಂದು ಬೆಳಗ್ಗೆ ಅಪ್ಪ ಚಾ ಲೋಟ ಕೈಬಿಟ್ಟ. ಮಾತು ತೊದಲಿತು. ಪಿತ್ತ ಇರಬೇಕು, ನಿಂಬೆಹುಳಿ ಕೊಡಿ ಅಂದರು ಕೆಲವರು. ನಾನು ಉಪಕೇಂದ್ರಕ್ಕೆ ಓಡಿದೆ. ಅಕ್ಕ ಬಂದು ಒಂದು ಸಲ ನೋಡಿದಳು. "ಇದು ಪಿತ್ತ ಅಲ್ಲ, ಮುಖ ವಾರಿ ಆಗೇದ ನೋಡು. ಲಗೂ ಗಾಡಿ ತರ್ಸು" ಅಂದಳು. ಬಿಪಿ ನೋಡಿ ಬರೆದುಕೊಂಡಳು. ಮೇಲಿನ ಆಸ್ಪತ್ರೆಗೆ ಫೋನು ಮಾಡಿದಳು. ಅಲ್ಲಿ ಆ ದಿನ ಡಾಕ್ಟ್ರು ಇಲ್ಲ. ಇದ್ದರೂ ತಲೆ ಸ್ಕ್ಯಾನ್ ಮಾಡೋ ಯಂತ್ರ ಇಲ್ಲ. ತೋಟದ ಪಿಕಪ್ಪಿನಲ್ಲಿ ಅಪ್ಪನನ್ನು ಮಲಗಿಸಿಕೊಂಡು ಅವಳೂ ಹತ್ತಿದಳು. ದಾರಿಯುದ್ದಕ್ಕೂ ಅಪ್ಪನನ್ನು ಒಂದು ಮಗ್ಗುಲಿಗೆ ತಿರುಗಿಸಿ ಹಿಡಿದು ಕೂತಳು, ನೀರು ಕುಡಿಸಲು ಬಿಡಲಿಲ್ಲ. ಘಾಟಿಯಲ್ಲಿ ಮರ ಬಿದ್ದಿತ್ತು. ದೊಡ್ಡಾಸ್ಪತ್ರೆ ಸೇರುವ ಹೊತ್ತಿಗೆ ಆರು ತಾಸು ದಾಟಿತ್ತು. ಮೆದುಳಿನ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕು ಅಂತ ಅಲ್ಲಿ ಹೇಳಿದರು.

ಅಪ್ಪ ಬದುಕಿದ. ಅಡಿಕೆ ಮರ ಹತ್ತಿ ಕೊನೆ ಇಳಿಸುತ್ತಿದ್ದ ಬಲಗೈ ಮಾತ್ರ ಬದುಕಲಿಲ್ಲ. ಅಕ್ಕ ಇದ್ದದ್ದಕ್ಕೆ ಜೀವ ಉಳಿಯಿತು. ಹತ್ತಿರದಲ್ಲಿ ಡಾಕ್ಟರು, ಯಂತ್ರ, ಔಷಧಿ ಇದ್ದಿದ್ದರೆ ಕೈಯೂ ಉಳೀತಿತ್ತೋ ಏನೋ. ಸಹಾಯಕರ ಬಗ್ಗೆ ನಾನು ಏನೇ ಬರೆದರೂ ಈ ಎರಡು ಮಾತನ್ನೂ ಒಟ್ಟಿಗೆ ಹೇಳದೆ ಇರಲಾರೆ.

*

ಈಗ ಎರಡು ಪಕ್ಷಗಳ ವಾದ ಕೇಳೋಣ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯ 32ನೇ ಕಲಮು, ಡಾಕ್ಟರಲ್ಲದ ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಮಿತವಾದ ಲೈಸೆನ್ಸು ಕೊಡಬಹುದು ಅಂದಾಗ ಡಾಕ್ಟರ ಸಂಘದವರು ಬೀದಿಗಿಳಿದರು. ಇದು ನಕಲಿ ವೈದ್ಯರಿಗೆ ಲೈಸೆನ್ಸು, ಹಳ್ಳಿಯವರ ಜೀವದ ಜೊತೆ ಆಟ ಅಂದರು. ಸ್ವಾಮಿ, ಹಳ್ಳಿಯವರ ಜೀವದ ಮೇಲೆ ಅಷ್ಟು ಪ್ರೀತಿ ಇದ್ದರೆ ಬನ್ನಿ, ಕುರ್ಚಿ ಖಾಲಿ ಇದೆ. ನೀವೂ ಬರೋದಿಲ್ಲ, ಬರುವವರನ್ನೂ ಬಿಡೋದಿಲ್ಲ ಅಂದರೆ ಅದಕ್ಕೆ ನಮ್ಮ ಕಡೆ ಬೇರೆ ಹೆಸರಿದೆ: ಬಾವಿ ನಮ್ಮದು, ನಾವು ಸೇದಿ ಹಾಕುವ ತನಕ ನೀವು ಬಾಯಾರಿ ನಿಲ್ಲಿ.

ಛತ್ತೀಸಗಢ 2001ರಲ್ಲಿ ಮೂರು ವರ್ಷದ ಕೋರ್ಸು ಮಾಡಿತು. ವಿರೋಧ, ಕೋರ್ಟು, ಹೆಸರು ಬದಲಾವಣೆಗಳ ನಡುವೆ ಕೆಲವೇ ವರ್ಷಗಳಲ್ಲಿ ಅದು ನಿಂತಿತು. ಓದಿ ಮುಗಿಸಿದವರು 'ಗ್ರಾಮೀಣ ವೈದ್ಯಕೀಯ ಸಹಾಯಕ'ರಾಗಿ ಕಾಡಿನ ಊರುಗಳಿಗೆ ಹೋದರು. ಸಾಮಾನ್ಯ ಕಾಯಿಲೆಗಳಲ್ಲಿ ಅವರ ಕೈ ಎಂಬಿಬಿಎಸ್ ವೈದ್ಯಾಧಿಕಾರಿಗಳಿಗೆ ಸಮಸಮ ಅಂತ 2010ರ ಅಧ್ಯಯನ ತೋರಿಸಿತು. ಅಸ್ಸಾಂ 2005ರಿಂದ ಇಂಥದ್ದೇ ಡಿಪ್ಲೊಮಾ ನಡೆಸಿತು. 2014ರಲ್ಲಿ ಗುವಾಹಟಿ ಹೈಕೋರ್ಟು ಆ ಕಾಯ್ದೆ ರದ್ದು ಮಾಡಿತು, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಅಲ್ಲಿ ಓದಿದವರು ಬೇರೆ ಕಾಯ್ದೆಯ ಕೆಳಗೆ ಸಮುದಾಯ ಆರೋಗ್ಯದ ಕೆಲಸ ಮುಂದುವರಿಸಲು ಬಿಟ್ಟಿತು. ನಮ್ಮ ರಾಜ್ಯದಲ್ಲೇ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಿಂದ ಡಾ. ಸುದರ್ಶನ್ ಅವರ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಕೆಲಸ ಮಾಡುತ್ತಾ ಬಂದಿದೆ. ಗಿರಿಜನ ಹೆಣ್ಣುಮಕ್ಕಳೇ ಅಲ್ಲಿ ತರಬೇತಿ ಪಡೆದು ನರ್ಸುಗಳಾದರು. ಕಲಿಸಿದರೆ ಕಲಿಯುತ್ತಾರೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಇದು ಒಂದು ಪಕ್ಷ. ಇನ್ನೊಂದು ಪಕ್ಷ ಸರ್ಕಾರದ್ದು. ಅದು ಸಹಾಯಕರನ್ನು ಹೊಗಳುತ್ತದೆ. ಯಾಕೆ ಗೊತ್ತೇ? ಅಗ್ಗ. 1822ರ ಕಂಪನಿ ಸರ್ಕಾರದ ಲೆಕ್ಕಾಚಾರವೇ ಇದು. ಖಾಯಂ ಡಾಕ್ಟರ ಹುದ್ದೆ ತುಂಬುವ ಬದಲು ಗುತ್ತಿಗೆಯ ಹುಡುಗಿಯನ್ನು ಕೂರಿಸಿ, ಬೋರ್ಡು ಬರೆಸಿ, ಕೇಂದ್ರಗಳ ಸಂಖ್ಯೆ ಹೇಳಿ ಚಪ್ಪಾಳೆ ತಗೊಳ್ಳೋದು. ಶೃಂಗೇರಿಗೆ ನೂರು ಹಾಸಿಗೆಯ ಆಸ್ಪತ್ರೆ ಬೇಕು ಅಂತ ಇಲ್ಲಿನ ಜನ ವರ್ಷಗಟ್ಟಲೆ ಕೂಗಿದರು. ಲೋಕದ ಯಾತ್ರಿಕರು ಬಂದು ಹೋಗುವ ಊರಿನವರು ಒಂದು ಆಸ್ಪತ್ರೆಗಾಗಿ ಹಾಗೆ ಕೂಗಬೇಕಾಯಿತು.

ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಅಂದರು. ಆಸ್ಪತ್ರೆಯ ಮೆಟ್ಟಿಲುಗಳನ್ನು ನೋಡಿ. ಮೇಲೆ ಡಾಕ್ಟರು. ಕೆಳಗೆ ಗುತ್ತಿಗೆಯ ಸಿಎಚ್‌ಒ. ಅವಳ ಪಕ್ಕ ಕಿರಿಯ ಆರೋಗ್ಯ ಸಹಾಯಕಿ. ಅವಳಿಗೂ ಇತ್ತೀಚೆಗೆ 'ಅಧಿಕಾರಿ' ಅಂತ ಬಾಯಿತುಂಬ ಹೆಸರು ಕೊಟ್ಟಿದ್ದಾರೆ. ಅದರ ಕೆಳಗೆ 2005ರಿಂದ ಸಾವಿರ ಜನಕ್ಕೊಬ್ಬಳಂತೆ ಆಶಾ. ಅವಳು ನೌಕರಳೇ ಅಲ್ಲವಂತೆ, 'ಸ್ವಯಂಸೇವಕಿ'. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ ತಿಂಗಳಿಗೆ 15,000 ಕೇಳಿದರು. 10,000 ಕೊಡುವ ಭರವಸೆ ತಗೊಂಡು ಎದ್ದರು. ಎಲ್ಲರ ಕೆಳಗೆ ಆಯಾ, ಕಸ ಗುಡಿಸುವವಳು, ಶವಾಗಾರದವನು. ಕೆಳಗೆ ಇಳಿದಷ್ಟೂ ರೋಗಿಯ ಮೈಗೆ ಹತ್ತಿರ. ಕೆಳಗೆ ಇಳಿದಷ್ಟೂ ಸಂಬಳ ಕಡಿಮೆ. ಕೆಳಗೆ ಇಳಿದಷ್ಟೂ ನಮ್ಮ ಜನ ಹೆಚ್ಚು.

*

ಹಾಗಾದರೆ ನಾವೇನು ಕೇಳಬೇಕು?

ಸಹಾಯಕರು ಬೇಡ ಅನ್ನುವ ಮಾತನ್ನು ನಾವು ಆಡಬಾರದು. ಅದು ಉಳ್ಳವರ ಮಾತು. ಅವರಿಗೆ ಕಾರಿದೆ, ಮಣಿಪಾಲವಿದೆ. ಸಹಾಯಕರೇ ಸಾಕು ಅನ್ನುವ ಮಾತಿಗೂ ತಲೆಯಾಡಿಸಬಾರದು. ಅದು ಆಳುವವರ ಮಾತು. ಡಾಕ್ಟರಿಗೆ ಬದಲು ಅಕ್ಕ ಅಲ್ಲ. ಡಾಕ್ಟರೂ ಬೇಕು, ಅಕ್ಕನೂ ಬೇಕು. ತಾಲೂಕು ಆಸ್ಪತ್ರೆಯಲ್ಲಿ ಹುದ್ದೆ ತುಂಬಬೇಕು, ಯಂತ್ರ ಇರಬೇಕು, ಅದನ್ನು ನಡೆಸುವವರಿರಬೇಕು. ಉಪಕೇಂದ್ರದ ಅಕ್ಕನ ಕೆಲಸ ಖಾಯಂ ಆಗಬೇಕು. ಅವಳು ಏನು ಮಾಡಬಹುದು, ಏನು ಮಾಡಬಾರದು ಅನ್ನುವುದು ಕಾನೂನಿನಲ್ಲಿ ಸ್ಪಷ್ಟ ಇರಬೇಕು; ತಪ್ಪಾದ ದಿನ ಅವಳೊಬ್ಬಳ ತಲೆ ಉರುಳಬಾರದು.

ಎಲ್ಲಕ್ಕಿಂತ ಮುಖ್ಯವಾಗಿ, 1946ರ ನಂತರ ಎತ್ತಿಬಿಟ್ಟ ಆ ಏಣಿಯನ್ನು ಮತ್ತೆ ಇಡಬೇಕು. ಹತ್ತು ವರ್ಷ ಹಳ್ಳಿಯಲ್ಲಿ ಕೈ ಪಳಗಿದ ನರ್ಸು, ಆರೋಗ್ಯ ಕಾರ್ಯಕರ್ತೆ, ಆಶಾಳ ಮಗಳು, ಮುಂದೆ ಓದಿ ಡಾಕ್ಟರಾಗುವ ದಾರಿ ಬೇಕು. ಇವತ್ತು ಈ ಏಣಿಯಲ್ಲಿ ಮೆಟ್ಟಿಲುಗಳಿವೆ, ಹತ್ತೋಕೆ ಮಾತ್ರ ಬರೋದಿಲ್ಲ. ಹುಟ್ಟಿದ ಮೆಟ್ಟಿಲಲ್ಲೇ ಸಾಯಬೇಕಾದ ಏಣಿಯನ್ನು ನಾವು ಚೆನ್ನಾಗಿ ಬಲ್ಲೆವು.

ಹಳ್ಳಿ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮೂರಿನ ಉಪಕೇಂದ್ರಕ್ಕೆ ಒಂದು ಸಲ ಹೋಗಿ. ಬಾಗಿಲಲ್ಲಿ ಎಷ್ಟು ಹುದ್ದೆ ಅಂತ ಬರೆದಿದೆ, ಒಳಗೆ ಎಷ್ಟು ಜನ ಇದ್ದಾರೆ ಎಣಿಸಿ. ಅಲ್ಲಿರುವ ಅಕ್ಕನಿಗೆ ಹೋದ ತಿಂಗಳ ಸಂಬಳ ಬಂತಾ ಅಂತ ಕೇಳಿ. ತಾಲೂಕು ಆಸ್ಪತ್ರೆಯಲ್ಲಿ ಯಾವ ಡಾಕ್ಟರ ಕುರ್ಚಿ ಎಷ್ಟು ದಿನದಿಂದ ಖಾಲಿ ಇದೆ ಅಂತ ಮಾಹಿತಿ ಹಕ್ಕಿನಲ್ಲಿ ಬರೆದು ಕೇಳಿ. ಉತ್ತರವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ.

ಅಪ್ಪ ಈಗ ಎಡಗೈಯಲ್ಲಿ ಅಡಿಕೆ ಸುಲಿಯೋದು ಕಲೀತಾ ಇದ್ದಾನೆ. ಮೊನ್ನೆ ಅಕ್ಕ ಬಿಪಿ ನೋಡೋಕೆ ಮನೆಗೆ ಬಂದಿದ್ದಳು. ಅವಳ ಕರಾರು ಈ ಸಲ ಮುಂದುವರಿಯುತ್ತೋ ಇಲ್ಲವೋ ಇನ್ನೂ ಗೊತ್ತಿಲ್ಲವಂತೆ. ಅಜ್ಜಿ ಅವಳ ಕೈ ಹಿಡಿದುಕೊಂಡು ನನ್ನ ಕಡೆ ನೋಡಿದಳು. "ಇವ್ಳು ಬಂದ್ಲಲ್ಲ ಮಗಾ, ಇವ್ಳನ್ನ ಕಳಿಸ್ಬೇಡಿ ಅಂತ ಬರಿ. ಇವ್ಳ ಹಿಂದೆ ಒಬ್ಬ ಡಾಕ್ಟ್ರನ್ನೂ ಕಳಿಸಿ ಅಂತ ಬರಿ" ಅಂದಳು.

ಬರೆದಿದ್ದೇನೆ.